ಗೇಟು, ಬ್ಯಾರಿಕೇಡು, ಬಿದ್ದ ಮರ: ಯಾವುದಕ್ಕೆ ನಿಲ್ಲಬೇಕು, ಯಾವುದನ್ನು ಪ್ರಶ್ನಿಸಬೇಕು?

ಪ್ರಶ್ನೆ: ನಾನು ಮೂಡಿಗೆರೆ ತಾಲೂಕಿನ ಸಣ್ಣ ಕಾಫಿ ಬೆಳೆಗಾರ. ಚಿಕ್ಕಮಗಳೂರು, ಹಾಸನ, ಮಂಗಳೂರು ಅಂತ ಓಡಾಟ ಇದ್ದೇ ಇರುತ್ತದೆ. ದಾರಿಯಲ್ಲಿ ಒಂದಲ್ಲ ಒಂದು ಅಡ್ಡಿ. ಒಂದು ಕಡೆ ಪೊಲೀಸ್ ಬ್ಯಾರಿಕೇಡ್, ಇನ್ನೊಂದು ಕಡೆ ಅರಣ್ಯ ಇಲಾಖೆ ಗೇಟ್. ಮಳೆಗಾಲದಲ್ಲಿ ಘಾಟಿ ಬಂದ್. ನಡುನಡುವೆ ರಸ್ತೆ ತಡೆ ಚಳವಳಿ. ಹಬ್ಬ ಬಂದರೆ ಹುಡುಗರು ಹಗ್ಗ ಕಟ್ಟಿ ಚಂದಾ ಕೇಳುತ್ತಾರೆ. ಇವೆಲ್ಲಕ್ಕೂ ನಿಲ್ಲಲೇಬೇಕಾ? ಯಾರಿಗೆ ಅಧಿಕಾರ ಇದೆ, ಯಾರಿಗೆ ಇಲ್ಲ? ಇನ್ನೂ ಒಂದು ವಿಷಯ. ಅಜ್ಜನ ಕಾಲದಿಂದ ಬಳಸುತ್ತಿದ್ದ ತೋಟದ ದಾರಿಗೆ ಪಕ್ಕದ ತೋಟದವರು ಕಳೆದ ತಿಂಗಳು ಗೇಟ್ ಹಾಕಿ ಬೀಗ ಜಡಿದಿದ್ದಾರೆ. ಏನು ಮಾಡಬಹುದು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದವು ಕಾಯಬಹುದು, ಅದು ಕಾಯುವುದಿಲ್ಲ. ಬೀಗ ಬಿದ್ದು ಒಂದು ತಿಂಗಳಾಗಿದೆ ಅಂತೀರಿ. ನಿಮ್ಮ ಕೈಯಲ್ಲಿರುವ ಅತಿ ಬೇಗದ ದಾರಿಗೆ ಮೂರು ತಿಂಗಳ ಗಡುವಿದೆ.

ಆ ದಾರಿ ಯಾವುದೆಂದರೆ, ತಹಶೀಲ್ದಾರರ ಮುಂದೆ ಅರ್ಜಿ. ಅವರು ಕಂದಾಯ ಅಧಿಕಾರಿ ಮಾತ್ರ ಅಲ್ಲ, ತಾಲೂಕು ದಂಡಾಧಿಕಾರಿಯೂ ಹೌದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ ಜಮೀನು ಅಥವಾ ನೀರು ಬಳಸುವ ಹಕ್ಕಿನ ಜಗಳಕ್ಕೆಂದೇ ಇದೆ. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು 147ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಹೊಸ ನಂಬರು. ಹೆಚ್ಚೂಕಡಿಮೆ ವಿಷಯ ಅದೇ. ಜಗಳ ಶಾಂತಿಭಂಗಕ್ಕೆ ಹೋಗುವ ಹಾಗಿದ್ದರೆ ದಂಡಾಧಿಕಾರಿ ಇಬ್ಬರನ್ನೂ ಕರೆಸಿ, ವಿಚಾರಿಸಿ, ದಾರಿಗೆ ಅಡ್ಡಿ ಮಾಡಬೇಡಿ ಅಂತ ಆದೇಶ ಕೊಡಬಹುದು. ಆದರೆ ವರ್ಷವಿಡೀ ಬಳಸುವ ದಾರಿಯಾದರೆ ಒಂದು ಷರತ್ತಿದೆ. ವಿಷಯ ಅವರಿಗೆ ತಲುಪುವ ಮುಂಚಿನ ಮೂರು ತಿಂಗಳೊಳಗೆ ನೀವು ಆ ದಾರಿಯಲ್ಲಿ ಓಡಾಡಿರಬೇಕು. ಕುಯ್ಲಿನ ಕಾಲಕ್ಕೆ ಮಾತ್ರ ಬಳಸುವ ದಾರಿಯಾದರೆ ಕಳೆದ ಕುಯ್ಲಿನಲ್ಲಿ ಬಳಸಿರಬೇಕು. ಜನ ಇಲ್ಲೇ ಎಡವುತ್ತಾರೆ. ಊರ ಹಿರಿಯರು, ಪಂಚಾಯಿತಿ, ರಾಜಿ ಅಂತ ಆರು ತಿಂಗಳು ಕಳೆದು ಆಮೇಲೆ ಫೈಲು ಹಿಡಿದುಕೊಂಡು ಬರುತ್ತಾರೆ. ರಾಜಿ ಮಾತುಕತೆ ನಡೆಯಲಿ, ಬೇಡ ಅನ್ನುವುದಿಲ್ಲ. ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡೇ ಮಾತಾಡಿ.

ಅರ್ಜಿಯಲ್ಲಿ ಏನಿರಬೇಕು? ಮೊದಲು ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಬಂಡಿ ದಾರಿಯನ್ನು ಜೋಡಿ ತುಂಡುಗೆರೆಯಲ್ಲಿ, ಕಾಲುದಾರಿಯನ್ನು ಒಂಟಿ ತುಂಡುಗೆರೆಯಲ್ಲಿ ತೋರಿಸಿರುತ್ತಾರೆ. ಆಮೇಲೆ ಪಕ್ಕದವರ ಸರ್ವೆ ನಂಬರಿನ ಟಿಪ್ಪಣಿ (ಸರ್ವೆ ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಪಹಣಿ ನೋಡಿ. ಪಹಣಿಯಲ್ಲಿ 'ಬಿ ಖರಾಬು' ಅಂತ ಒಂದಿಷ್ಟು ಗುಂಟೆ ತೋರಿಸಿದ್ದರೆ ಅದು ದಾರಿ, ಹಳ್ಳ, ಇಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಸುತ್ತ ಅವರದೇ ತೋಟ ಇದ್ದರೂ ಆ ಜಾಗಕ್ಕೆ ಬೀಗ ಹಾಕುವ ಹಕ್ಕು ಅವರಿಗಿಲ್ಲ. ನಕಾಶೆ ಕಂಡ ದಾರಿ, ಊರಿನವರೂ ಬಳಸುವ ದಾರಿ ಅಂತಾದರೆ 166 ಬೇಡ, 152ನೇ ಕಲಂನಲ್ಲಿ ಸಾರ್ವಜನಿಕ ದಾರಿಗೆ ಮಾಡಿದ ಅಡ್ಡಿ ಅಂತಲೇ ಅರ್ಜಿ ಕೊಡಿ. ನಿಮ್ಮ ಕ್ರಯಪತ್ರದ ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ ವಿವರ) ಓದಿ. ಹಳೆಯ ಪತ್ರಗಳಲ್ಲಿ 'ಪೂರ್ವಕ್ಕೆ ಬಂಡಿ ದಾರಿ' ಅಂತ ಒಂದು ಸಾಲು ಬರೆದಿರುತ್ತಾರೆ. ಆ ಒಂದು ಸಾಲು ಹತ್ತು ಸಾಕ್ಷಿಗೆ ಸಮ.

ನಕಾಶೆಯಲ್ಲಿ ಏನೂ ಇಲ್ಲ, ಬರೀ ರೂಢಿ ದಾರಿ ಅಂದರೆ ಕೆಲಸ ಸ್ವಲ್ಪ ಜಾಸ್ತಿ. ಆಗ ಸಿವಿಲ್ ಕೋರ್ಟು. 1882ರ ಈಸ್‌ಮೆಂಟ್ (ಇನ್ನೊಬ್ಬರ ಜಮೀನು ಬಳಸುವ ಹಕ್ಕು) ಕಾಯ್ದೆಯ 15ನೇ ಕಲಂ ಪ್ರಕಾರ 20 ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕಿನಿಂದ ಬಳಸಿದ್ದರೆ ದಾರಿಯ ಹಕ್ಕು ಬರುತ್ತದೆ. ಅಡ್ಡಿಯಾಗಿ ಎರಡು ವರ್ಷದೊಳಗೆ ದಾವೆ ಹೂಡಬೇಕು. ಎದುರು ಪಾರ್ಟಿಯ ವಾದ ಏನಿರುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ: "ನಾವೇ ಪಾಪ ಅಂತ ಬಿಟ್ಟಿದ್ದೆವು." ಅನುಮತಿಯಿಂದ ಬಳಸಿದ್ದು ಹಕ್ಕಾಗುವುದಿಲ್ಲ. ಹಾಗಾಗಿ "ದಯವಿಟ್ಟು ಮೊದಲಿನ ಹಾಗೆ ದಾರಿ ಬಿಡಿ, ನಿಮ್ಮ ಉಪಕಾರ ಮರೆಯೋದಿಲ್ಲ" ಅಂತ ವಾಟ್ಸ್ಆ್ಯಪ್‌ನಲ್ಲಿ ಬರೆಯಬೇಡಿ. ಅದೇ ಮೆಸೇಜು ನಾಳೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬರುತ್ತದೆ. ಒಂದೇ ಹಿಡುವಳಿ ಪಾಲಾಗಿ ನಿಮ್ಮ ತುಂಡು ಒಳಗೆ ಸಿಕ್ಕಿಕೊಂಡಿದ್ದರೆ, ಬೇರೆ ದಾರಿಯೇ ಇಲ್ಲದಿದ್ದರೆ, 13ನೇ ಕಲಂನಲ್ಲಿ ಅಗತ್ಯದ ದಾರಿ ಕೇಳಬಹುದು. ಅದಕ್ಕೆ 20 ವರ್ಷ ತೋರಿಸಬೇಕಾಗಿಲ್ಲ.

ಗೇಟು ಮತ್ತು ಬೀಗ ಬೇರೆ ಬೇರೆ ಅನ್ನುವುದೂ ನೆನಪಿರಲಿ. ದನ ನುಗ್ಗುತ್ತದೆ, ಕಾಫಿ ಕಳವಾಗುತ್ತದೆ ಅಂತ ಗೇಟ್ ಹಾಕುವುದು ನಮ್ಮ ಕಡೆ ಸಾಮಾನ್ಯ. ಗೇಟ್ ಹಾಕಿ ನಿಮಗೊಂದು ಕೀ ಕೊಟ್ಟರೆ ಅದನ್ನು ಅಡ್ಡಿ ಅಂತ ಸಾಧಿಸುವುದು ಕಷ್ಟ. ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತದೆ. ಪಿಕಪ್ ಹೋಗುವಷ್ಟು ಅಗಲ, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೂ ತೆಗೆಯಲು ಬರುವ ಕೀ, ಇವೆರಡನ್ನು ಬರವಣಿಗೆಯಲ್ಲಿ ತಗೊಂಡರೆ ಅದೇ ಒಳ್ಳೆಯ ರಾಜಿ. ಏನೇ ಆಗಲಿ, ಜೆಸಿಬಿ ತಂದು ಗೇಟ್ ಕಿತ್ತುಹಾಕಬೇಡಿ. ಅಲ್ಲಿಯವರೆಗೆ ನೀವು ದೂರುದಾರರು. ಆ ಕ್ಷಣದಿಂದ ಆರೋಪಿ.

ಈಗ ಉಳಿದದ್ದಕ್ಕೆ ಬರೋಣ. ರಸ್ತೆಗೆ ಅಡ್ಡ ಏನೇ ಕಂಡರೂ ನಾನು ನೋಡುವುದು ಎರಡನ್ನೇ. ಹಾಕಿದವರು ಯಾರು, ಯಾವ ಆದೇಶದ ಮೇಲೆ? ಅದು ಯಾರನ್ನು ಬಿಡುತ್ತದೆ, ಎಲ್ಲಿಯವರೆಗೆ? ಆದೇಶ ಇದ್ದು, ಮುಗಿಯುವ ದಿನ ಇದ್ದು, ಬದಲಿ ದಾರಿ ತೋರಿಸಿ, ಆಂಬುಲೆನ್ಸ್ ಬಿಡುವ ತಡೆ ಆಡಳಿತದ ತಡೆ. ಇವು ಯಾವುವೂ ಇಲ್ಲದ್ದು ಹಾಕಿದವರ ಇಷ್ಟ, ಅಷ್ಟೇ.

ಪೊಲೀಸ್ ಬ್ಯಾರಿಕೇಡ್‌ಗೆ ನಿಲ್ಲಲೇಬೇಕು, ಅದರಲ್ಲಿ ಚರ್ಚೆ ಇಲ್ಲ. ಸಮವಸ್ತ್ರದಲ್ಲಿರುವ ಯಾವ ಪೊಲೀಸರು ಕೇಳಿದರೂ ಲೈಸೆನ್ಸ್ ತೋರಿಸಬೇಕು. ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಹಾಗೆ ಹೇಳುತ್ತದೆ. ತೋರಿಸುವುದಕ್ಕೆ ಕಾಗದವೇ ಬೇಕಾಗಿಲ್ಲ. 2018ರ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ ಬದಲಾದ ಮೇಲೆ ಡಿಜಿಲಾಕರ್, ಎಂಪರಿವಾಹನ್ ಎಂಬ ಸರ್ಕಾರಿ ಆ್ಯಪ್‌ಗಳಲ್ಲಿರುವ ದಾಖಲೆಗೂ ಅದೇ ಬೆಲೆ. ಮೊಬೈಲ್ ಗ್ಯಾಲರಿಯಲ್ಲಿರುವ ಫೋಟೋಗೆ ಆ ಬೆಲೆ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ, ಸುಮ್ನೆ ವಾದ ಮಾಡುತ್ತಾರೆ. ಕೊಟ್ಟಿಗೆಹಾರ, ಬಾಳೂರು ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಹೊರಡುವ ಮುಂಚೆ ಆ್ಯಪ್ ತೆರೆದು ದಾಖಲೆ ಇಳಿಸಿಕೊಂಡಿರಿ, ಇಲ್ಲವೇ ಕಾಗದವನ್ನೇ ಇಟ್ಟುಕೊಳ್ಳಿ. ದಂಡವನ್ನು ನಿಂತ ಜಾಗದಲ್ಲೇ ಕಟ್ಟಬೇಕು ಅಂತೇನಿಲ್ಲ. ಇ-ಚಲನ್ ಹಾಕಿಸಿಕೊಂಡು ಆಮೇಲೆ ಕಟ್ಟಬಹುದು, ಒಪ್ಪದಿದ್ದರೆ ಕೋರ್ಟಿನಲ್ಲಿ ಹೇಳಬಹುದು. ಲೈಸೆನ್ಸ್ ಅಥವಾ ಗಾಡಿ ವಶಕ್ಕೆ ತಗೊಂಡರೆ ರಸೀದಿ ಕೇಳಿ ಪಡೆಯಿರಿ.

ರಾತ್ರಿ ಹೊತ್ತಿನ ತಪಾಸಣೆ ಹೆಚ್ಚಾಗಿ ಕುಡಿದು ಓಡಿಸುವವರಿಗೆ. ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿ ಗ್ರಾಂ. ಮೊದಲ ಸಲ ಸಿಕ್ಕರೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೋಂ ಸ್ಟೇ ಜಾಸ್ತಿಯಾದ ಮೇಲೆ ನಮ್ಮ ರಸ್ತೆಗಳಲ್ಲಿ ಈ ತಪಾಸಣೆ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಮುಳ್ಳಯ್ಯನಗಿರಿಯ ತಿರುವಿನಲ್ಲಿ ಎದುರು ಬರುವವರು ಕುಡಿದಿದ್ದರೆ ನೀವು ಎಷ್ಟು ಹುಷಾರಿದ್ದರೂ ಪ್ರಯೋಜನ ಇಲ್ಲ.

ಆದರೆ ತಪಾಸಣೆ ಮಾಡುವ ರೀತಿಗೂ ಒಂದು ಕ್ರಮ ಇದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಗೆ ಬೈಕ್ ನಿಲ್ಲಿಸುವ ವೇಳೆ ಬಿದ್ದು ಒಂದು ಮಗು ತೀರಿಕೊಂಡಿತು. ಇಡೀ ರಾಜ್ಯ ಮರುಗಿತು. ಅದಾದ ಮೇಲೆ ರಾಜ್ಯ ಪೊಲೀಸ್ ಮುಖ್ಯಸ್ಥರಿಂದ ಸೂಚನೆ ಹೋಯಿತು. ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ಬರೀ ದಾಖಲೆ ನೋಡುವುದಕ್ಕೆ ಗಾಡಿ ತಡೆಯಬೇಡಿ, ಇದ್ದಕ್ಕಿದ್ದಂತೆ ರಸ್ತೆಗೆ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ ಅನ್ನುವುದು ಅದರ ಸಾರ. ನೀವು ಗಮನಿಸಿರಬಹುದು, ತಿರುವು ಮುಗಿದ ತಕ್ಷಣ, ಮರದ ನೆರಳಲ್ಲಿ ಅಡ್ಡ ಇಟ್ಟ ಬ್ಯಾರಿಕೇಡ್ ಎಷ್ಟು ಅಪಾಯ ಅಂತ. ಮಂಜಿನ ಬೆಳಿಗ್ಗೆಯಲ್ಲಂತೂ ಹತ್ತಿರ ಬಂದ ಮೇಲೇ ಗೊತ್ತಾಗುತ್ತದೆ. ದೂರದಿಂದಲೇ ಕಾಣುವ ದೀಪ, ಹೊಳೆಯುವ ಪಟ್ಟಿ, ಮುಂಚೆ ಒಂದು ಸೂಚನಾ ಫಲಕ, ಇವಿಲ್ಲದಿದ್ದರೆ ಠಾಣೆಗೋ ಎಸ್‌ಪಿ ಕಚೇರಿಗೋ ಫೋಟೋ ಸಮೇತ ಬರೆಯಿರಿ. ಅದು ನಿಮ್ಮ ಹಕ್ಕು. ಅಲ್ಲೇ ನಿಂತು ವಿಡಿಯೋ ಮಾಡುತ್ತಾ ಜಗಳ ಆಡುವುದರಿಂದ ನಿಮಗೆ ಸಿಗುವುದು ಲೈಕು ಮಾತ್ರ.

ಚುನಾವಣೆ ಕಾಲದ ಚೆಕ್‌ಪೋಸ್ಟ್ ಬೇರೆಯೇ ಕಥೆ. ಅದು ಪೊಲೀಸರದ್ದಲ್ಲ, ಚುನಾವಣಾ ಆಯೋಗದ ಸ್ಥಿರ ಕಣ್ಗಾವಲು ತಂಡದ್ದು. ಪೊಲೀಸರು ಅದರ ಒಂದು ಭಾಗ. 50,000 ರೂಪಾಯಿಗಿಂತ ಹೆಚ್ಚು ನಗದು ಇದ್ದರೆ ಎಲ್ಲಿಂದ ಬಂತು, ಯಾಕೆ ಅಂತ ಕೇಳುತ್ತಾರೆ. 10 ಲಕ್ಷ ದಾಟಿದರೆ ಆದಾಯ ತೆರಿಗೆಯವರಿಗೆ ತಿಳಿಸುತ್ತಾರೆ. ಬೆಳೆಗಾರರಿಗೆ ಇದು ನಿಜವಾದ ತಲೆನೋವು. ಮೆಣಸು ಮಾರಿದ ದುಡ್ಡು, ಕೆಲಸದವರ ಬಟವಾಡೆ ದುಡ್ಡು, ಎಲ್ಲ ನಗದು. ಬ್ಯಾಂಕಿನಿಂದ ತೆಗೆದದ್ದಾದರೆ ಪಾಸ್‌ಬುಕ್ ನಮೂದು ಅಥವಾ ಚೀಟಿ, ಮಾರಿದ್ದಾದರೆ ವ್ಯಾಪಾರಿಯ ಬಿಲ್ಲು, ಬಟವಾಡೆಗಾದರೆ ಹಾಜರಿ ಪುಸ್ತಕದ ಆ ವಾರದ ಹಾಳೆ ಜೊತೆಗಿರಲಿ. ಆದರೂ ಹಣ ಹಿಡಿದರೆ ಗಾಬರಿ ಬೇಡ. ಜಿಲ್ಲಾ ಪಂಚಾಯತ್ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಖಜಾನೆ ಅಧಿಕಾರಿ, ಈ ಮೂವರ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರುತ್ತದೆ. ದಾಖಲೆ ತೋರಿಸಿದರೆ ಅವರು ಬಿಡುಗಡೆ ಮಾಡುತ್ತಾರೆ. ಎಫ್‌ಐಆರ್ ಆಗದ ಹಣವನ್ನು ಮತದಾನ ಮುಗಿದು ಏಳು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಹಿಡಿದ ರಸೀದಿಯಲ್ಲಿ ಮೇಲ್ಮನವಿ ಎಲ್ಲಿ ಸಲ್ಲಿಸಬೇಕು ಅಂತ ಬರೆದಿರಬೇಕು. ನೋಡಿಕೊಳ್ಳಿ.

ಇನ್ನು ಘಾಟಿ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳಬೇಕಿದೆ.

ಈ ಘಟ್ಟದ ದಾರಿಗಳನ್ನು ತಡೆಯುವುದು ಇವತ್ತಿನ ಮಾತಲ್ಲ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಇರುವ ಮಂಜರಾಬಾದ್ ಕೋಟೆಗೆ ಹೋಗಿದ್ದೀರಲ್ವಾ? ಟಿಪ್ಪು ಅದನ್ನು 1792ರ ಸುಮಾರಿಗೆ ಕಟ್ಟಿಸಿದ್ದು ಫೋಟೋ ತೆಗೆಯುವುದಕ್ಕಲ್ಲ. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಅದರ ಕಣ್ಣಳತೆಯಲ್ಲಿತ್ತು. ಆಗ ಆ ದಾರಿ ಮುಚ್ಚಲು ಕೋಟೆ ಬೇಕಾಗಿತ್ತು. ಈಗ ಅದೇ ದೋಣಿಗಾಲ್ ಬಳಿ ಎರಡು ದಿನ ಜೋರು ಮಳೆ ಹಿಡಿದರೆ ಸಾಕು.

ಹಾಸನದಿಂದ ಮಂಗಳೂರಿಗೆ ಇಳಿಯುವ ಶಿರಾಡಿ ಘಾಟಿ ಮುಚ್ಚಿದ್ದು ಎರಡು ಬೇರೆ ಕಾರಣಕ್ಕೆ. ಒಂದು, ಕಾಂಕ್ರೀಟ್ ಹಾಕಲು. 2015ರಲ್ಲಿ ಮತ್ತು 2018ರಲ್ಲಿ ಜನವರಿಯಿಂದ ತಿಂಗಳುಗಟ್ಟಲೆ ಬಂದ್ ಇತ್ತು. ಜನ ಬೈದರು, ಆದರೂ ಸುಧಾರಿಸಿಕೊಂಡರು. ಯಾಕೆಂದರೆ ಮುಂಚೆಯೇ ಹೇಳಿದ್ದರು. ಎರಡನೆಯದು ಗುಡ್ಡ ಕುಸಿತ. 2018ರ ಜುಲೈನಲ್ಲಿ ಹೊಸ ರಸ್ತೆ ತೆರೆದು ಒಂದು ತಿಂಗಳಾಗಿತ್ತೋ ಇಲ್ಲವೋ, ಆಗಸ್ಟ್ ಮಳೆಗೆ ಮತ್ತೆ ಮುಚ್ಚಿತು. 2022ರಲ್ಲಿ ದೋಣಿಗಾಲ್ ಬಳಿ, 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಮತ್ತೆ ಅದೇ. ಚಾರ್ಮಾಡಿ 2019ರ ಆಗಸ್ಟ್‌ನಲ್ಲಿ ಹಲವು ಕಡೆ ಕುಸಿದು ಪೂರ್ತಿ ನಿಂತಿತು. ಆಮೇಲೆ ಮೊದಲು ಸಣ್ಣ ಗಾಡಿಗಳಿಗೆ ತೆರೆದರು.

ಈ ಬಂದ್‌ಗೆ ಕಾನೂನಿನ ಬಲ ಎಲ್ಲಿಂದ? ಮೋಟಾರು ವಾಹನ ಕಾಯ್ದೆ 1988ರ 115ನೇ ಕಲಂ. ಸಾರ್ವಜನಿಕರ ಸುರಕ್ಷತೆಗೆ ಅಥವಾ ರಸ್ತೆಯ ಸ್ಥಿತಿ ನೋಡಿ ಒಂದು ರಸ್ತೆಯಲ್ಲಿ ಎಲ್ಲ ಗಾಡಿ ಅಥವಾ ಕೆಲವು ಬಗೆಯ ಗಾಡಿ ನಿಲ್ಲಿಸುವ ಅಧಿಕಾರ ಅದರಲ್ಲಿದೆ. ಜಿಲ್ಲಾಧಿಕಾರಿ ಆದೇಶಗಳು ಇದನ್ನೇ ಹೇಳುತ್ತವೆ. ವಿಪತ್ತಿನ ಸಮಯವಾದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಂ ಕೂಡ ಜೊತೆಗಿರುತ್ತದೆ. ಒಂದು ತಿಂಗಳೊಳಗಿನ ನಿರ್ಬಂಧಕ್ಕೆ ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು. ಹಾಗಾಗಿ ತಿಂಗಳು ಕಳೆದರೂ ತೆಗೆಯದ ನಿರ್ಬಂಧ ಕಂಡರೆ ಅಧಿಸೂಚನೆ ಎಲ್ಲಿ ಅಂತ ಕೇಳುವುದು ತಪ್ಪಲ್ಲ.

ಆದೇಶ ಕೈಗೆ ಸಿಕ್ಕರೆ ತಲೆಬರಹ ಓದಿ ಬಿಡಬೇಡಿ. ಒಳಗೆ ಒಂದು ಪಟ್ಟಿ ಇರುತ್ತದೆ. ಬುಲೆಟ್ ಟ್ಯಾಂಕರ್, ಲಾಂಗ್ ಚಾಸಿಸ್ ಲಾರಿ, ಮಲ್ಟಿ ಆ್ಯಕ್ಸೆಲ್, ಕಂಟೇನರ್ ಇವಕ್ಕೆ ಒಂದು ದಾರಿ. ಕಾರು, ಜೀಪು, ಬೈಕ್‌ಗೆ ಇನ್ನೊಂದು. ಬಸ್‌ಗೆ ಮತ್ತೊಂದು. "ಶಿರಾಡಿ ಬಂದ್" ಅಂತ ವಾಟ್ಸ್ಆ್ಯಪ್‌ನಲ್ಲಿ ಓದಿ ಮಡಿಕೇರಿ ಮೇಲೆ ಸುತ್ತಿಕೊಂಡು ಹೋದವರು ಬೇಕಾದಷ್ಟು ಜನ ಇದ್ದಾರೆ. ಆದೇಶದಲ್ಲಿ ಬಂದ್ ಇದ್ದದ್ದು ರಾತ್ರಿ ಹೊತ್ತಿಗೋ ಭಾರಿ ಗಾಡಿಗೋ ಮಾತ್ರ. ಸಾಮಾನ್ಯವಾಗಿ ಶಿರಾಡಿ ಮುಚ್ಚಿದರೆ ಸಣ್ಣ ಗಾಡಿಗಳನ್ನು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿಗೆ ಬಿಡುತ್ತಾರೆ. ದೊಡ್ಡವನ್ನು ಮಡಿಕೇರಿ ಕಡೆಯ ಸಂಪಾಜೆ ಘಾಟಿಗೆ ಕಳಿಸುತ್ತಾರೆ. ಬಿಸಿಲೆ ಘಾಟಿ ಇದೆಯಲ್ಲ ಅನ್ನಬೇಡಿ. ಮಳೆಗಾಲದಲ್ಲಿ ಆ ಇಕ್ಕಟ್ಟು ದಾರಿಯಲ್ಲಿ ಒಂದು ಮರ ಬಿದ್ದರೆ ಹಿಂದೆ ತಿರುಗಿಸಲೂ ಜಾಗ ಇಲ್ಲ.

ಮಳೆ ನಿಂತು ಬಿಸಿಲು ಬಿದ್ದರೂ ಯಾಕೆ ತೆರೆಯುವುದಿಲ್ಲ ಅಂತ ಬಹಳ ಜನ ಸಿಟ್ಟಾಗುತ್ತಾರೆ. ರಸ್ತೆ ಅಗಲ ಮಾಡಲು ಗುಡ್ಡವನ್ನು ಹೆಚ್ಚೂಕಡಿಮೆ ನೆಟ್ಟಗೆ ಕಡಿದಿದ್ದಾರೆ. ಮಳೆ ನೀರು ಮೇಲಿನಿಂದ ಇಳಿದು ಮಣ್ಣಿನೊಳಗೆ ನಿಲ್ಲುತ್ತದೆ, ಮಣ್ಣು ಭಾರವಾಗುತ್ತದೆ, ಹಿಡಿತ ಬಿಡುತ್ತದೆ. ಆಕಾಶ ತಿಳಿಯಾದ ಮೇಲೂ ಒಳಗಿನ ನೀರು ಇಳಿದುಹೋಗಲು ದಿನಗಳು ಬೇಕು. ನಿಮಗೆ ಕಾಣುವುದು ರಸ್ತೆಯ ಮೇಲಿನ ಮಣ್ಣು. ಎಂಜಿನಿಯರು ನೋಡುವುದು ಗುಡ್ಡದ ನೆತ್ತಿಯ ಬಿರುಕು. ಹಾಗಂತ ಗುಡ್ಡ ಕಡಿದವರ ತಪ್ಪನ್ನು ಮಳೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ವರ್ಷ ಅದೇ ಜಾಗ ಕುಸಿದರೆ ಅದು ಪ್ರಕೃತಿ ವಿಕೋಪ ಹೇಗಾಗುತ್ತದೆ? ರಸ್ತೆಯ ವಿನ್ಯಾಸದಲ್ಲಿ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಬಿಟ್ಟು, ಅದರಿಂದ ಸಾವೋ ಅಂಗವೈಕಲ್ಯವೋ ಆದರೆ ಗುತ್ತಿಗೆದಾರರಿಗೆ, ಅಧಿಕಾರಿಗಳಿಗೆ ಮೋಟಾರು ವಾಹನ ಕಾಯ್ದೆಯ 198ಎ ಕಲಂನಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. 2019ರ ತಿದ್ದುಪಡಿಯಲ್ಲಿ ಬಂದದ್ದು. ಬಳಸುವವರು ಕಡಿಮೆ.

ನಮ್ಮ ಕಡೆಯ ರೋಗಿಗಳು ಹೆಚ್ಚಾಗಿ ಇಳಿಯುವುದು ಮಂಗಳೂರಿಗೆ. ಘಾಟಿ ಮುಚ್ಚಿದ ರಾತ್ರಿ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಚೆಕ್‌ಪೋಸ್ಟ್‌ವರೆಗೆ ಹೋಗಿ ಅಂಗಲಾಚುವುದಕ್ಕಿಂತ ಮೊದಲು 1077ಕ್ಕೆ ಫೋನ್ ಮಾಡಿ. ಅದು ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ. ರಸ್ತೆ ನಿಜವಾಗಿ ಹೋಗುವ ಹಾಗಿದೆಯಾ, ಆಂಬುಲೆನ್ಸ್ ಬಿಡುತ್ತಾರಾ ಅಂತ ಅಲ್ಲಿ ಗೊತ್ತಾಗುತ್ತದೆ. ನಿರ್ಬಂಧದಿಂದ ತುರ್ತು ಸೇವೆಗೆ ವಿನಾಯಿತಿ ಇದ್ದರೂ ಕುಸಿದ ರಸ್ತೆಯಲ್ಲಿ ವಿನಾಯಿತಿ ಏನೂ ಮಾಡಲಾರದು. ಆಗ ಹಾಸನಕ್ಕೆ ತಿರುಗಿಸುವುದೇ ಸರಿ.

ಅರಣ್ಯ ಇಲಾಖೆ ಗೇಟಿನ ವಿಷಯ ಸುಲಭ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಒಳಗೆ ಹೋಗುವ ರಸ್ತೆಯಲ್ಲಿ ಅವರ ಮಾತು ನಡೆಯುತ್ತದೆ. ಕುದುರೆಮುಖದ ಕಡೆ ತನಿಕೋಡು ಗೇಟಿನಲ್ಲಿ ಸಮಯ ಬರೆದು ಚೀಟಿ ಕೊಡುತ್ತಾರಲ್ಲ, ಅದು ನಡುವೆ ಗಾಡಿ ನಿಲ್ಲಿಸಿ ಅಡುಗೆ ಮಾಡಿ ಬಾಟಲಿ ಎಸೆಯುವವರನ್ನು ಹಿಡಿಯಲು. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರ ಇಲ್ಲ. ಮರ ಸಾಗಿಸುವವರು ಪಾಸ್ ಇಟ್ಟುಕೊಳ್ಳಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ಗುಂಪು ದಾಟುವಾಗ ಅರಣ್ಯ ಸಿಬ್ಬಂದಿ ರಸ್ತೆ ತಡೆಯುತ್ತಾರೆ. ಕೈಯಲ್ಲಿ ಆದೇಶದ ಕಾಗದ ಇರುವುದಿಲ್ಲ. ಅಲ್ಲಿ ಕಲಂ ಕೇಳಲು ಹೋಗಬೇಡಿ. ಎಂಜಿನ್ ಆಫ್ ಮಾಡಿ, ಲೈಟ್ ಕಡಿಮೆ ಮಾಡಿ, ಹಾರ್ನ್ ಮುಟ್ಟಬೇಡಿ. ಮುಂದಿನ ಆನೆ ದಾಟಿತು ಅಂತ ಹೊರಡುವುದೇ ದೊಡ್ಡ ತಪ್ಪು. ಮರಿ ಇರುವ ಗುಂಪು ಒಂದೇ ಸಲ ದಾಟುವುದಿಲ್ಲ, ಹಿಂದೆ ಇನ್ನೂ ಇರುತ್ತವೆ. ಸಿಬ್ಬಂದಿ ಇಲ್ಲದ ಕಡೆ ಆನೆ ಕಂಡರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಮುಳ್ಳಯ್ಯನಗಿರಿ, ದತ್ತಪೀಠದ ಗಿರಿಗೆ ಹೋಗುವ ಕೈಮರ ಚೆಕ್‌ಪೋಸ್ಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ದತ್ತ ಜಯಂತಿ ಸಮಯದಲ್ಲಿ ಪ್ರವಾಸಿಗರನ್ನು ತಡೆಯುವುದು ಶಾಂತಿ ಕಾಪಾಡಲು. ಮಳೆಗಾಲದ ವಾರಾಂತ್ಯದಲ್ಲಿ ತಡೆಯುವುದು ಆ ಕಿರಿದಾದ ರಸ್ತೆಗೆ ಅಷ್ಟು ಗಾಡಿ ಹಿಡಿಸುವುದಿಲ್ಲ ಅಂತ. ಎರಡೂ ಸರಿಯೇ. ಗಿರಿ ಭಾಗದ ಊರಿನವರು, ತೋಟದವರು ಗುರುತಿನ ಚೀಟಿ ತೋರಿಸಿದರೆ ತೊಂದರೆ ಇಲ್ಲದೆ ಬಿಡಬೇಕು. ಹಾಗೆ ಬಿಡುವ ವ್ಯವಸ್ಥೆ ಆದೇಶದಲ್ಲೇ ಇರಬೇಕು. ಕಾವಲಿಗಿರುವವರ ಮರ್ಜಿಗೆ ಬಿಡಬಾರದು.

ರಸ್ತೆ ತಡೆ ಚಳವಳಿ ಸ್ವಲ್ಪ ಕಷ್ಟದ ಪ್ರಶ್ನೆ. ಪ್ರತಿಭಟಿಸುವ ಹಕ್ಕು ಸಂವಿಧಾನದ್ದು. ಓಡಾಡುವ ಹಕ್ಕೂ ಅದೇ ಸಂವಿಧಾನದ್ದು. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 7ರಂದು ಶಾಹೀನ್ ಬಾಗ್ ಪ್ರಕರಣದಲ್ಲಿ ಹೇಳಿದೆ. ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂನಲ್ಲಿ 5,000 ರೂಪಾಯಿವರೆಗೆ ದಂಡ ಇದೆ. ಹೆದ್ದಾರಿಯನ್ನೇ ಅಗೆದು ಹಾಳು ಮಾಡಿದರೆ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 8ಬಿ, ಐದು ವರ್ಷದವರೆಗೆ ಜೈಲು. ಕಾನೂನು ಇಷ್ಟು. ಆದರೆ ಆನೆ ತುಳಿದು ಸತ್ತವರ ಶವ ರಸ್ತೆಯಲ್ಲಿಟ್ಟು ಕೂತವರ ಮುಂದೆ ಕಲಂ ಓದುವ ಧೈರ್ಯ ನನಗಿಲ್ಲ. ಅಲ್ಲಿ ತಡೆ ಹಾಕಿದ್ದು ರಸ್ತೆಗಲ್ಲ, ಬರದೇ ಇದ್ದ ಅಧಿಕಾರಿಗೆ. ಜಿಲ್ಲಾಧಿಕಾರಿಯೋ ಅರಣ್ಯ ಇಲಾಖೆಯ ಡಿಎಫ್‌ಒ ಅವರೋ ಬಂದು ನಿಂತರೆ ಗಂಟೆಯೊಳಗೆ ಎದ್ದುಬಿಡುತ್ತಾರೆ. ಚಳವಳಿಗಾರರಿಗೂ ಒಂದು ಮಾತು: ಸಮಯ ಹೇಳಿ ಕೂರಿ, ಆಂಬುಲೆನ್ಸ್ ಹೋಗಲು ಒಂದು ಬದಿ ಬಿಡಿ, ಅದನ್ನು ನೋಡಿಕೊಳ್ಳಲು ಇಬ್ಬರನ್ನು ನಿಲ್ಲಿಸಿ. ತುರ್ತು ವಾಹನಕ್ಕೆ ದಾರಿ ಬಿಡದ ಚಾಲಕರಿಗೇ 10,000 ರೂಪಾಯಿ ದಂಡ ಇರುವಾಗ ಕೂತವರಿಗೆ ವಿನಾಯಿತಿ ಇರಲಾರದು.

ಹಗ್ಗ ಕಟ್ಟಿ ಚಂದಾ ಕೇಳುವ ಹುಡುಗರಿಗೆ ಯಾವ ಅಧಿಕಾರವೂ ಇಲ್ಲ. ಹೋಗುವವರನ್ನು ತಡೆದು ನಿಲ್ಲಿಸುವುದೇ ನ್ಯಾಯ ಸಂಹಿತೆಯ 126ನೇ ಕಲಂನ ಅಪರಾಧ. ಹೆದರಿಸಿ ದುಡ್ಡು ತಗೊಂಡರೆ 308, ಅದು ಸುಲಿಗೆ. ಹಾಗಂತ ಹತ್ತು ರೂಪಾಯಿಗೆ 112 ಒತ್ತಿ ಅನ್ನುತ್ತಿಲ್ಲ. ಊರಿನ ಹುಡುಗರಾದರೆ ನಕ್ಕು ಮಾತಾಡಿಸಿ ಹೋಗಿ. ಆದರೆ ತಿರುವಿನಲ್ಲಿ, ಕತ್ತಲಲ್ಲಿ ಹಗ್ಗ ಕಟ್ಟಿದ್ದರೆ ಖಂಡಿತ ಠಾಣೆಗೆ ಹೇಳಿ. ಬೈಕ್ ಸವಾರರ ಕುತ್ತಿಗೆಗೆ ಬರುವ ಎತ್ತರ ಅದು. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಹಳ್ಳಿಯವರು ಊರ ಬಾಗಿಲಿಗೆ ಮರ ಕಡಿದು ಹಾಕಿದರು, ಚರಂಡಿ ತೋಡಿದರು. ಭಯ ಅರ್ಥವಾಗುತ್ತದೆ. ಆದರೆ ಒಳಗಿನ ರೋಗಿ ಹೊರಗೆ ಬರುವ ದಾರಿಯೂ ಅದೇ ಅಲ್ವಾ?

ಅರಸೀಕೆರೆ, ಚನ್ನರಾಯಪಟ್ಟಣ ಕಡೆ ಹೋದರೆ ಇನ್ನೊಂದು ಬಗೆ ಸಿಗುತ್ತದೆ. ಸುಗ್ಗಿಯಲ್ಲಿ ಟಾರ್ ರಸ್ತೆಯ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ. ಬದಿಗೆ ಕಲ್ಲು, ಮುಳ್ಳಿನ ಕೊಂಬೆ. ಕಣ ಮಾಡುವ ಪದ್ಧತಿ ಹೋಯಿತು, ರಸ್ತೆಯೇ ಕಣ ಆಯಿತು. ಕಾರಿನವರು ಒಂದು ವಿಷಯ ತಿಳಿದಿರಬೇಕು. ಹುರುಳಿ ಬಳ್ಳಿ ಗಾಡಿಯ ಅಡಿಯಲ್ಲಿ ತಿರುಗುವ ಭಾಗಕ್ಕೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತದೆ. ಹಾಗೆ ಕಾರು ಸುಟ್ಟುಹೋದದ್ದಿದೆ. ದಪ್ಪ ಹಾಸಿದ್ದರೆ ಮೇಲೆ ಹತ್ತಿಸಬೇಡಿ. ಹತ್ತಿಸಬೇಕಾಗಿ ಬಂದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ಅಡಿಗೆ ನೋಡಿ, ಸಿಕ್ಕಿದ ಹುಲ್ಲು ಎಳೆದು ತೆಗೆಯಿರಿ. ವಾಸನೆ ಬಂದ ಮೇಲೆ ನೋಡೋಣ ಅಂದರೆ ತಡವಾಗಿರುತ್ತದೆ.

ಕೊನೆಯದಾಗಿ, ಯಾರೋ ಇಟ್ಟು ಮರೆತ ಅಡ್ಡಿ. ಕೆಟ್ಟು ನಿಂತ ಲಾರಿಗೆ ಗುರುತಾಗಿ ಇಟ್ಟ ಕಲ್ಲು, ಗುಂಡಿಗೆ ನೆಟ್ಟ ಕೊಂಬೆ, ಕೆಲಸ ಮುಗಿದರೂ ತೆಗೆಯದ ಮಣ್ಣಿನ ಗುಡ್ಡೆ. ಲಾರಿ ಹೋಗಿರುತ್ತದೆ, ಕಲ್ಲು ಅಲ್ಲೇ ಇರುತ್ತದೆ. ಅಪಘಾತದ ಕೇಸುಗಳಲ್ಲಿ ಇದು ಎಷ್ಟು ಸಲ ಬರುತ್ತದೆ ಅಂದರೆ ಬೇಸರವಾಗುತ್ತದೆ. ನಿಮಗೆ ಅಥವಾ ನಿಮ್ಮವರಿಗೆ ಹೀಗೆ ಏನಾದರೂ ಆದರೆ ಆಸ್ಪತ್ರೆಗೆ ಸೇರಿಸಿದ ಮೇಲೆ ಮೊದಲ ಕೆಲಸ ಆ ಜಾಗದ ಫೋಟೋ. ದೀಪ ಇರಲಿಲ್ಲ, ಹೊಳೆಯುವ ಪಟ್ಟಿ ಇರಲಿಲ್ಲ ಅನ್ನುವುದು ಕಾಣಬೇಕಾದರೆ ಅದೇ ರಾತ್ರಿ, ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಬೇಕು. ಮರುದಿನ ಬೆಳಿಗ್ಗೆ ಹೊತ್ತಿಗೆ ಕಲ್ಲು ಮಾಯವಾಗಿರುತ್ತದೆ, ಹೊಸ ಬೋರ್ಡ್ ಬಂದಿರುತ್ತದೆ. ಠಾಣೆಯಲ್ಲಿ ದೂರು ಬರೆಸುವಾಗ 'ಆಯತಪ್ಪಿ ಬಿದ್ದರು' ಅಂತ ಬರೆದುಕೊಂಡರೆ ಒಪ್ಪಬೇಡಿ, ಅಡ್ಡಿಯನ್ನು ಹೆಸರಿಸಿ ಬರೆಸಿ. ರಾಷ್ಟ್ರೀಯ ಹೆದ್ದಾರಿಯಾದರೆ ಅದರ ಸಹಾಯವಾಣಿ 1033ಕ್ಕೂ ತಿಳಿಸಿ, ಕರೆ ಮಾಡಿದ್ದಕ್ಕೆ ಒಂದು ದಾಖಲೆ ಉಳಿಯುತ್ತದೆ. ಮೋಟಾರು ಅಪಘಾತ ಪರಿಹಾರದ ಅರ್ಜಿಗೆ 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಗಾಯ ಮಾಗಲಿ, ಆಮೇಲೆ ವಕೀಲರನ್ನು ನೋಡೋಣ ಅಂತ ಕೂರಬೇಡಿ.